ಮಳೆಗಾಲದಲ್ಲಿ ಮಡಕೆ ಆವಿಗೆಯಲ್ಲೇ (ಸುಡುವ ಗೂಡಿನಲ್ಲೇ) ಸಿಡಿಯುವುದು ಯಾಕೆ?

ಉಡುಪಿಯಲ್ಲಿ ಕುಂಬಾರಿಕೆ ಶುರು ಮಾಡಿದ್ದೀರಿ, ಬೇಸಿಗೆಯಲ್ಲಿ ಸರಿಯಾಗಿ ಸುಟ್ಟ ಮಡಕೆ ಜುಲೈಯಲ್ಲಿ ಸಿಡಿಯುತ್ತಿದೆ ಎಂದಿದ್ದೀರಿ. ತೇವ, ಇನ್ನೇನು! ನಮ್ಮ ಕರಾವಳಿಯಲ್ಲಿ ಆಗ ಒಗೆದ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ?

ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ. ಆದರೆ ದಪ್ಪ ತಳದೊಳಗೆ ನೀರು ಉಳಿದಿರುತ್ತದೆ. ಬಿಸಿ ಬೇಗ 100 ಡಿಗ್ರಿ ದಾಟಿದರೆ ಅದು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಮಡಕೆಯನ್ನೇ ಒಡೆಯುತ್ತದೆ.

ತಳವನ್ನು ಕೆನ್ನೆಗೆ ಹಿಡಿದು ನೋಡಿ. ತಣ್ಣಗಿದ್ದರೆ ಇನ್ನೂ ಹಸಿ. ಒಲೆಯ ಮೇಲಿನ ಅಟ್ಟದಲ್ಲಿ ಇನ್ನೂ ಕೆಲವು ದಿನ ಇಡಿ. ಸುಡುವಾಗ ಮೊದಲ ಕೆಲವು ಗಂಟೆ ಸಣ್ಣ ಬೆಂಕಿ ಸಾಕು. ಒಡೆದ ಹಂಚಿನ ಪುಡಿಯನ್ನೋ ಹೊಯಿಗೆಯನ್ನೋ (ಮರಳು) ಸ್ವಲ್ಪ ಮಣ್ಣಿಗೆ ಬೆರೆಸಿದರೆ ನೀರು ಸುಲಭವಾಗಿ ಹೊರಬೀಳುತ್ತದೆ. ಹಂಚು ನಮ್ಮೂರಲ್ಲಿ ಹಿತ್ತಿಲಲ್ಲೇ ಬಿದ್ದಿರುತ್ತದೆ ಬಿಡಿ.

ಚೂರುಚೂರಾಗಿದ್ದರೆ ತೇವದ ತಪ್ಪು. ಉದ್ದಕ್ಕೆ ಒಂದೇ ಸೀಳು ಬಿಟ್ಟಿದ್ದರೆ ಬಹುಶಃ ಸುಟ್ಟ ಮೇಲೆ ತಣಿಸುವಾಗ ಅವಸರವಾಗಿದೆ. ಮಣ್ಣಿನಲ್ಲಿರುವ ಸ್ಫಟಿಕದ ಕಣಗಳು ತಣಿಯುವಾಗ 573 ಡಿಗ್ರಿ ಹತ್ತಿರ ಒಮ್ಮೆಲೇ ಕುಗ್ಗುತ್ತವೆ. ಆವಿಗೆಯನ್ನು ರಾತ್ರಿಯಿಡೀ ಮುಟ್ಟಬೇಡಿ. ಕುತೂಹಲ ತಡೆಯಲಾರದೆ ತೆರೆದು ನಾನೂ ಆರು ಮಡಕೆ ಕಳೆದುಕೊಂಡಿದ್ದೇನೆ.