‘ಹೊಸ ಪ್ರಭೇದ’ ಎಂಬ ಮಾತು ಸದ್ಯಕ್ಕೆ ಬೇಡ

ಮಾನ್ಯರೇ,

ಮೂಡಿಗೆರೆ ಬಳಿಯ ನಿಮ್ಮ ತೋಟದಿಂದ ಕಳುಹಿಸಿದ ‘ಮಲೆನಾಡಿನಲ್ಲಿ ಹೊಸ ಚಾಟಿ ಜೇಡ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ಕಲ್ಲುಚಪ್ಪಡಿಯನ್ನು ನೀವು ಎತ್ತಿದ ಪ್ರಸಂಗವಿರುವ ಮೂರನೆಯ ಪುಟ ಅಷ್ಟು ಚೆನ್ನಾಗಿದೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಆರಂಭದಲ್ಲೇ ಅದನ್ನು ‘ವಿಷಕಾರಿ’ ಎಂದು ಕರೆದಿದ್ದೀರಿ, ಮುಂದೆ ಅದು ‘ಬಲೆ ನೇಯ್ದು ಕಾಯುತ್ತದೆ’ ಎಂದೂ ಬರೆದಿದ್ದೀರಿ. ಚಾಟಿ ಜೇಡಕ್ಕೆ ವಿಷಗ್ರಂಥಿಯೂ ಇಲ್ಲ, ನೂಲು ತೆಗೆಯುವ ಗ್ರಂಥಿಯೂ ಇಲ್ಲ. ಹೆಸರಿನಲ್ಲಿ ಜೇಡವಿದ್ದರೂ ಅದು ಜೇಡಗಳ ಗಣಕ್ಕೆ ಸೇರಿದ್ದಲ್ಲ. ಜೇಡ, ಚೇಳು, ಉಣ್ಣೆಗಳೆಲ್ಲ ಬರುವ ವರ್ಗದಲ್ಲಿಯೇ ಅದಕ್ಕೆ ಆಂಬ್ಲಿಪೈಗಿ ಎಂಬ ಪ್ರತ್ಯೇಕ ಗಣವಿದೆ. ಗ್ರೀಕ್ ಮೂಲದ ಆ ಹೆಸರಿಗೆ ‘ಮೊಂಡು ಹಿಂಬದಿ’ ಎಂದರ್ಥ, ಅಂದರೆ ಬಾಲವಿಲ್ಲದ್ದು. ಬಾಲವಿದ್ದು, ಕೆಣಕಿದರೆ ವಿನೆಗರ್ ವಾಸನೆಯ ದ್ರವ ಚಿಮ್ಮಿಸುವುದು ಚಾಟಿ ಚೇಳು. (ಈ ವಿಷಯದಲ್ಲಿ ನಾನೂ ಶುದ್ಧನಲ್ಲ. ಹಿಂದೊಮ್ಮೆ ಚಾಟಿ ಚೇಳಿನ ಚಿತ್ರದ ಕೆಳಗೆ ಚಾಟಿ ಜೇಡವೆಂದು ಅಚ್ಚು ಹಾಕಿಸಿದ್ದಕ್ಕೆ ಸಕಲೇಶಪುರದ ಓದುಗರೊಬ್ಬರು ‘ಬಾಲ ನೋಡಿ ಸ್ವಾಮಿ’ ಎಂಬ ಮೂರೇ ಪದಗಳ ಕಾರ್ಡು ಬರೆದಿದ್ದರು.)

ಇವು ತಿದ್ದಬಹುದಾದ ತಪ್ಪುಗಳು. ನನ್ನ ನಿಜವಾದ ತಕರಾರು ಶೀರ್ಷಿಕೆಯಲ್ಲಿರುವ ‘ಹೊಸ’ ಎಂಬ ಪದದ ಬಗ್ಗೆ. ಮೈಬಣ್ಣ ಕೆಂಪಾಗಿದೆ, ಬೇಟೆ ಹಿಡಿಯುವ ಮುಳ್ಳುಗೈಗಳು ತೀರ ಉದ್ದವಾಗಿವೆ, ಅಂತರ್ಜಾಲದ ಯಾವ ಚಿತ್ರಕ್ಕೂ ಹೋಲುವುದಿಲ್ಲ, ಆದ್ದರಿಂದ ಇದು ಹೊಸ ಪ್ರಭೇದ ಎಂಬುದು ನಿಮ್ಮ ವಾದ. ಬಣ್ಣವನ್ನು ನಂಬುವಂತಿಲ್ಲ, ಪೊರೆ ಬಿಟ್ಟ ಹೊತ್ತಿನಲ್ಲಿ ಬಿಳಿಚಿಕೊಂಡಿದ್ದ ಮೈ ಆಮೇಲೆ ಕಪ್ಪಿಡುತ್ತದೆ, ಮತ್ತು ಈ ಪ್ರಾಣಿಗಳು ಪ್ರಾಯಕ್ಕೆ ಬಂದ ಮೇಲೂ ಪೊರೆ ಬಿಡುತ್ತಲೇ ಇರುತ್ತವೆ. ಕೈಗಳ ಉದ್ದವಂತೂ ಇನ್ನೂ ಮೋಸದ ಲಕ್ಷಣ, ಏಕೆಂದರೆ ಮೈ ಬೆಳೆದಂತೆ ಕೈಗಳು ಮೈಗಿಂತ ವೇಗವಾಗಿ ಬೆಳೆಯುವುದರಿಂದ, ಒಂದೇ ಪ್ರಭೇದದ ಮರಿಯನ್ನೂ ಮುದಿಯನ್ನೂ ಪಕ್ಕಪಕ್ಕ ಇಟ್ಟರೆ ಅವು ಬೇರೆ ಬೇರೆಯೆಂದು ಪ್ರಮಾಣ ಮಾಡಿ ಹೇಳುವವರಿದ್ದಾರೆ.

ಬಲ್ಲವರು ನೋಡುವ ಲಕ್ಷಣಗಳೇ ಬೇರೆ. ಕೈಯ ಪ್ರತಿ ಭಾಗದಲ್ಲಿ ಮುಳ್ಳುಗಳೆಷ್ಟು, ಅವುಗಳಲ್ಲಿ ಯಾವುದು ಯಾವುದಕ್ಕಿಂತ ಉದ್ದ, ನಡೆಯುವ ಕಾಲಿನ ತುದಿಯಲ್ಲಿ ಉಗುರುಗಳ ನಡುವೆ ಮೆತ್ತೆಯಿದೆಯೇ, ನಾಲ್ಕನೆಯ ಕಾಲು ಎಲ್ಲೆಲ್ಲಿ ಗಣ್ಣಾಗಿ ಒಡೆದಿದೆ, ಹೆಣ್ಣಿನ ಜನನಾಂಗದ ಆಕಾರವೇನು ಎಂದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಚಾಟಿಯಂತೆ ಚಾಚಿಕೊಂಡ ಮೊದಲ ಜೋಡಿ ಕಾಲಿನ ಗಣ್ಣುಗಳನ್ನೂ ಎಣಿಸುತ್ತಾರೆ. ಆದರೆ ಮುರಿದು ಮತ್ತೆ ಬೆಳೆದ ಚಾಟಿಯಲ್ಲಿ ಈ ಎಣಿಕೆ ತಪ್ಪುತ್ತದೆ. ನಿಮ್ಮ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ: ಎಡಗಡೆಯ ಚಾಟಿ ಬಲಗಡೆಯದಕ್ಕಿಂತ ಗಿಡ್ಡವಾಗಿದೆ. ನೀವು ಎಣಿಸಿದ್ದು ಅದನ್ನೇ!

ಪಾದದಲ್ಲಿ ಮೆತ್ತೆಯಿಲ್ಲದೆ, ಕೈ ಉದ್ದವಾಗಿ, ಮೈ ದೊಡ್ಡದಾಗಿದ್ದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಚಾಟಿ ಜೇಡಗಳ ಫ್ರೈನಿಕಸ್ ಕುಲ. ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ 1894ರಲ್ಲೇ ಈ ಕುಲದ ಫಿಪ್ಸೋನಿ ಎಂಬ ಪ್ರಭೇದವನ್ನು ಭಾರತದಿಂದ ಹೆಸರಿಸಿದ್ದಾನೆ. ನಿಮ್ಮ ಪ್ರಾಣಿ ಹೊಸದೆನ್ನಬೇಕಾದರೆ ಇಂಥ ಹಳೆಯ ವರ್ಣನೆಗಳನ್ನೂ ಮೂಲ ಮಾದರಿಗಳನ್ನೂ ಒಂದೊಂದಾಗಿ ಹೋಲಿಸಿ, ಇದು ಅವುಗಳಲ್ಲಿ ಯಾವುದೂ ಅಲ್ಲವೆಂದು ತೋರಿಸಬೇಕು, ಬಳಿಕ ಒಂದು ಮಾದರಿಯನ್ನು ಹೆಸರಿಗೆ ಆಧಾರವೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇರಿಸಿ, ವಿಜ್ಞಾನ ಪತ್ರಿಕೆಯಲ್ಲಿ ವರ್ಣನೆ ಪ್ರಕಟಿಸಬೇಕು. ಆ ಕೆಲಸ ನಮ್ಮಂಥ ಮಾಸಪತ್ರಿಕೆಯಲ್ಲಿ ಆಗುವಂಥದ್ದಲ್ಲ. ಹಾಗೆಂದು ಮಾದರಿ ಹುಡುಕಿಕೊಂಡು ಭದ್ರಾ ಅಭಯಾರಣ್ಯಕ್ಕೆ ಶೀಸೆ ಹಿಡಿದು ಹೊರಡಬೇಡಿ. ಅನುಮತಿಯಿಲ್ಲದೆ ಅಲ್ಲಿಂದ ಹುಳ ಹಿಡಿದು ತರುವುದೂ ಅಪರಾಧ.

ಈಗ ಮೂರನೆಯ ಪುಟಕ್ಕೆ ಬರೋಣ. ‘ಚಪ್ಪಡಿ ಎತ್ತಿದೊಡನೆ ಅದು ಓಡಲಿಲ್ಲ, ಏಡಿಯಂತೆ ಒಂದು ಗೇಣು ಅಡ್ಡಕ್ಕೆ ಸರಿದು, ಒಂದು ಚಾಟಿಯಿಂದ ಮಾತ್ರ ನನ್ನ ಚಪ್ಪಲಿಯ ಅಂಚನ್ನು ಮೆಲ್ಲಗೆ ತಡವಿತು’ ಎಂದು ಬರೆದಿದ್ದೀರಿ. ಕಣ್ಣಿಟ್ಟು ನೋಡಿದವರು ಮಾತ್ರ ಬರೆಯಬಹುದಾದ ವಾಕ್ಯ ಇದು. ಅದರ ಬೆನ್ನ ಮೇಲೆ ‘ಅಕ್ಕಿ ಕಾಳಿನಂಥ ಬಿಳಿ ಮರಿಗಳು’ ಇದ್ದುವೆಂದು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿ ಚೀಲದಲ್ಲಿ ಹೊತ್ತು, ಹೊರಬಂದ ಮರಿಗಳನ್ನು ಮೊದಲ ಪೊರೆ ಬಿಡುವವರೆಗೆ ಬೆನ್ನ ಮೇಲಿಟ್ಟುಕೊಂಡೇ ತಿರುಗುತ್ತದೆ. ನೀವು ಕಂಡದ್ದು ಆ ಕೆಲವೇ ದಿನಗಳಲ್ಲಿ ಒಂದನ್ನು. ಮರಿಗಳೆಷ್ಟಿದ್ದವು, ಮರುದಿನವೂ ಅವು ಬೆನ್ನ ಮೇಲೇ ಇದ್ದವೇ, ಚಪ್ಪಡಿಯನ್ನು ಮೊದಲಿದ್ದಂತೆ ಮುಚ್ಚಿದಿರಾ?

ಲೇಖನವನ್ನು ಈ ಪುಟದಿಂದಲೇ ಆರಂಭಿಸಿ ಮತ್ತೆ ಬರೆಯಿರಿ. ಗುರುತಿನ ವಿಚಾರದಲ್ಲಿ, ಕಾಲಿನ ತುದಿಯ ಸ್ಪಷ್ಟ ಚಿತ್ರ ಸಿಕ್ಕಿದರೆ ಕುಲದವರೆಗೆ ಹೋಗಿ, ಸಿಗದಿದ್ದರೆ ಗಣಕ್ಕೇ ನಿಲ್ಲಿಸಿ. ‘ಫ್ರೈನಿಕಸ್ ಇರಬಹುದು’ ಎಂಬ ಮಾತಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆಯಿಲ್ಲ. ಈ ಸಲ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಎರಡೂ ಚಾಟಿಗಳು ಪೂರ್ತಿ ಕಾಣಲಿ. ಮರಿಗಳು ಇನ್ನೂ ಬೆನ್ನ ಮೇಲಿರಬಹುದೆನ್ನಿಸಿದರೆ ಚಪ್ಪಡಿಯನ್ನು ಮತ್ತೆ ಎತ್ತಬೇಡಿ, ಈಗಿರುವ ಚಿತ್ರವನ್ನೇ ಹಾಕೋಣ.

ಇತಿ,
ಸಂಪಾದಕ, ಹಾಸನ