ಎಂಟು ಹೆಂಗಸರ ರೊಟ್ಟಿ ಕೇಂದ್ರಕ್ಕೆ ಮಷಿನ್ ತಂದರೆ ಎಷ್ಟು ಜನರ ಕೆಲಸ ಹೋಗುತ್ತದೆ?

ಗದಗದ ನಿಮ್ಮ ಜೋಳದ ರೊಟ್ಟಿ ಕೇಂದ್ರಕ್ಕೆ ರೊಟ್ಟಿ ಒತ್ತುವ ಮಷಿನ್ ತಂದರೆ ಎಷ್ಟು ಜನರ ಕೆಲಸ ಹೋಗುತ್ತದೆ ಅಂತ ಕೇಳಿದ್ದೀರಿ. ಇದೇ ಪೇಚು ಹುಬ್ಬಳ್ಳಿಯ ನನ್ನ ಕೇಂದ್ರದಲ್ಲೂ ಇತ್ತು. ರೊಟ್ಟಿ ಬಡಿಯುವವರು 6, ಹಿಟ್ಟು ನಾದುವವರು 2. ಒತ್ತುವ ಮಷಿನ್ನಿನ ಜೊತೆ ಕಲಸುವ ಮಷಿನ್ನೂ ಬಂತಲ್ಲ ಅಂತ ನಾದುವ ಇಬ್ಬರನ್ನೂ ಬಿಡಿಸಿದೆ. ಕೆಟ್ಟದ್ದು ಅಲ್ಲೇ.

ಗೋಧಿಗಿರುವ ಗ್ಲುಟೆನ್ ಜೋಳಕ್ಕಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಜಿಗಿ ಒಂದೇ. ಎಸರು ಎಷ್ಟು ಬೇಕೆಂಬುದು ದಿನಾ ಬೇರೆ. ನಿನ್ನೆ ಗಿರಣಿಯಿಂದ ಬಂದ ಹಿಟ್ಟಿಗೆ ಒಂದು ಲೆಕ್ಕ, ಹದಿನೈದು ದಿನದ ಹಿಟ್ಟಿಗೆ ಇನ್ನೊಂದು. ನಾನು ಕೆಜಿಗೆ 900 ಮಿಲಿ ಅಂತ ಗೋಡೆಗೆ ಚೀಟಿ ಅಂಟಿಸಿ ಕೂತೆ. ಸಾಲದ್ದಕ್ಕೆ ಕಲಸುವ ಮಷಿನ್ನಿನ ಸ್ಟೀಲ್ ಡ್ರಮ್ ತಣ್ಣಗಿರುತ್ತಿತ್ತು, ಸುರಿದ ಎಸರಿನ ಕಾವನ್ನೆಲ್ಲ ಅದೇ ಕುಡಿಯುತ್ತಿತ್ತು. ಉಂಡೆ ಒತ್ತಿದ ಕೂಡಲೇ ಅಂಚು ಸೀಳುವುದು, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ತಪ್ಪು ಮಷಿನ್ನಿನದೆಂದು ಪ್ಲೇಟಿನ ಬೋಲ್ಟು ತಿರುಗಿಸುತ್ತ 20 ದಿನ ಕಳೆದೆ. ಮೈದಾ ಬೆರೆಸಿದೆ, ಸೀಳುವುದು ನಿಂತಿತು, ಖಾನಾವಳಿಯವರು ರೊಟ್ಟಿ ವಾಪಸ್ ಕಳಿಸಿದರು. ಕೊನೆಗೆ ಬಿಡಿಸಿದ್ದ ನಾದುವವರಲ್ಲಿ ಒಬ್ಬಾಕೆಯನ್ನು ಕೈಕಾಲು ಹಿಡಿದು ಕರೆತಂದೆ. ಹಿಟ್ಟಿಗೆ ಎರಡು ಬೆರಳು ಊರಿ, 'ಎಸರು ಸತ್ತೈತ್ರಿ' ಅಂದಳು. ಮೊದಲು ಡ್ರಮ್ಮಿಗೆ ಕುದಿನೀರು ಹಾಕಿ ಚೆಲ್ಲಿದಳು, ಆಮೇಲೆ ಹಿಟ್ಟು, ಆಮೇಲೆ ಎಸರು. ಅಷ್ಟೇ.

ಹಾಗಾಗಿ 'ಎಷ್ಟು ಜನ' ಅಂತ ಕೇಳಬೇಡಿ, 'ಯಾವ ಕೆಲಸ' ಅಂತ ಕೇಳಿ. ಒತ್ತುವುದು ಜೋರಾದರೆ ಹಂಚಿನ ಮುಂದೆ ರೊಟ್ಟಿ ರಾಶಿ ಬೀಳುತ್ತದೆ. ಖಡಕ್ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ತೇವ ಪೂರ್ತಿ ಹೋಗುವವರೆಗೆ ಸುಡಬೇಕು; ಬಿಸಿ ಇರುವಾಗಲೇ ಪ್ಯಾಕ್ ಮಾಡಿದರೆ ಕವರ್ ಬೆವತು ಬೂಸ್ಟು ಹಿಡಿಯುತ್ತದೆ. ಬಡಿಯುತ್ತಿದ್ದವರಲ್ಲಿ ನಾಲ್ವರು ಹಂಚಿಗೂ ಪ್ಯಾಕಿಂಗಿಗೂ ಬಂದರು. ಇಬ್ಬರಿಗೆ ಕೊಡಲು ನನ್ನಲ್ಲಿ ಕೆಲಸವಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆ ನಾಲ್ವರು ಉಳಿದದ್ದೂ ಬೇರೆ ಊರಿನ ಅಂಗಡಿಗಳಿಂದ ಖಡಕ್ ರೊಟ್ಟಿಗೆ ಹೊಸ ಆರ್ಡರ್ ಬಂದದ್ದರಿಂದ. ಇರುವ ಖಾನಾವಳಿಗಳಿಗೇ, ಇರುವಷ್ಟೇ ರೊಟ್ಟಿ ಕೊಡುವವರಾದರೆ ಮಷಿನ್ ತರಲೇಬೇಡಿ.

ಸಣ್ಣ ಆಹಾರ ತಯಾರಿಕೆ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಹಾಯಧನ, 10 ಲಕ್ಷದವರೆಗೆ ಇತ್ತು; ಈಗಲೂ ಇದೆಯೇ ಅಂತ ವಿಚಾರಿಸಿ. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು, ಉಳಿದ ಕಂತು ನಿಮ್ಮದೇ. ಸಬ್ಸಿಡಿ ಆಸೆಗೆ ದೊಡ್ಡ ಮಷಿನ್ ಕೊಳ್ಳಬೇಡಿ.

ರೊಟ್ಟಿ ಎಣಿಸಿ ಕೂಲಿ ಕೊಡುತ್ತಿದ್ದರೆ ಮಷಿನ್ ಬರುವ ಮೊದಲೇ ದಿನಗೂಲಿಗೆ ಬದಲಿಸಿ. ನಾದುವವಳ ಕೂಲಿ ಉಳಿದೆಲ್ಲರಿಗಿಂತ ಹೆಚ್ಚಿರಲಿ.