ಬಿಪಿ ಮಾತ್ರೆ ಮೆದುಳಿನ ರಕ್ತ ಕಡಿಮೆ ಮಾಡುತ್ತಾ?

ಪ್ರಶ್ನೆ: ಅಪ್ಪನಿಗೆ 70 ವರ್ಷ. ಬಿಪಿ 180/100 ಇತ್ತು. ಎರಡು ವಾರದಿಂದ ಮಾತ್ರೆ ತಗೊಳ್ಳುತ್ತಿದ್ದಾರೆ. ಬೆಳಿಗ್ಗೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಮೆದುಳಿಗೆ ರಕ್ತ ಕಡಿಮೆಯಾಗಿ ಮರೆವು ಬರುತ್ತದೆ ಅಂತ ನೆಂಟರು ಹೆದರಿಸಿದ್ದಾರೆ. ನಿಲ್ಲಿಸೋಣವೇ?

ಉತ್ತರ: ನಿಲ್ಲಿಸಬೇಡಿ. ಹೀಗೆ ಸುಮ್ನೆ ಮಾತ್ರೆ ಬಿಟ್ಟು ಸ್ಟ್ರೋಕ್ ಆಗಿ ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಬಿಪಿ ಇಳಿದರೆ ಮೆದುಳಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಏರಿದರೆ ಕುಗ್ಗುತ್ತವೆ. ಹಾಗಾಗಿ ಒಂದು ಮಿತಿಯೊಳಗೆ ರಕ್ತದ ಹರಿವು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದವರಲ್ಲಿ ನಾಳದ ಗೋಡೆ ದಪ್ಪಗಾಗಿ ಆ ಮಿತಿಯೇ ಮೇಲಕ್ಕೆ ಸರಿದಿರುತ್ತದೆ. ಅಂಥವರ ಬಿಪಿ ಒಂದೇ ದಿನ 120ಕ್ಕೆ ಇಳಿಸಿದರೆ ತೊಂದರೆ ಆಗಬಹುದು. ವಾರಗಟ್ಟಲೆ ನಿಧಾನವಾಗಿ ಇಳಿಸಿದರೆ ನಾಳಗಳೂ ಹೊಂದಿಕೊಳ್ಳುತ್ತವೆ. ಡಾಕ್ಟರು ಹಂತ ಹಂತವಾಗಿ ಡೋಸ್ ಏರಿಸುವುದು ಇದಕ್ಕೇ.

ಮರೆವಿನ ಮಾತು ತಲೆಕೆಳಗು. ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ, 140ರ ಗುರಿಯ ಗುಂಪಿಗಿಂತ ಆರಂಭದ ಮರೆವಿನ ತೊಂದರೆ ಕಡಿಮೆ ಕಂಡಿತು. ಎಂಆರ್‌ಐನಲ್ಲಿ ಅಳೆದಾಗ ಮೆದುಳಿನ ರಕ್ತದ ಹರಿವು ತಗ್ಗಿರಲಿಲ್ಲ, ಹೆಚ್ಚೇ ಆಗಿತ್ತು.

ತಲೆಸುತ್ತನ್ನು ಮಾತ್ರ ಕಡೆಗಣಿಸಬೇಡಿ. ಅಪ್ಪ ಐದು ನಿಮಿಷ ಮಲಗಿರಲಿ, ಬಿಪಿ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿ. ಪಕ್ಕದಲ್ಲೇ ಒಬ್ಬರು ನಿಂತಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಪ್ರಾಸ್ಟೇಟ್ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಪ್ರಜ್ಞೆ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬಿಪಿ 200 ಆದಾಗ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಆ ಕ್ಯಾಪ್ಸೂಲ್‌ನಲ್ಲಿರುವ ನಿಫೆಡಿಪಿನ್ ಅನ್ನುವ ಬಿಪಿ ಔಷಧಿಯನ್ನು ಹೀಗೆ ಕೊಟ್ಟರೆ ಬಿಪಿ ಎಷ್ಟು ಕುಸಿಯುತ್ತದೆ ಅಂತ ಹೇಳಲಾಗದು, ಸ್ಟ್ರೋಕೇ ಆಗಬಹುದು. ಇದನ್ನು ನಿಲ್ಲಿಸಿ ಅಂತ ತಜ್ಞರು 1996ರಲ್ಲೇ ಬರೆದಿದ್ದಾರೆ. ಈಗಲೂ ಹಾಕುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಬೆಳ್ಳುಳ್ಳಿ ತಿಂದು ಮಾತ್ರೆ ಬಿಡಬಹುದೇ?

ಉತ್ತರ: ಇಲ್ಲ. ಸಾರಿಗೆ ಹಾಕಿಕೊಳ್ಳಿ, ಮಾತ್ರೆ ನುಂಗಿ.

ಪ್ರಶ್ನೆ: ಬಾಯಿ ಸೊಟ್ಟಗಾದರೆ ಮೊದಲು ಬಿಪಿ ಮಾತ್ರೆ ಕೊಡಬೇಕಾ?

ಉತ್ತರ: ಬೇಡವೇ ಬೇಡ. ಅದು ಸ್ಟ್ರೋಕ್ ಲಕ್ಷಣ ಇರಬಹುದು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದರಾಚೆಯ ಮೆದುಳಿಗೆ ಏರಿದ ಬಿಪಿಯ ಒತ್ತಡವೇ ಆಸರೆ. ಇಳಿಸಬೇಕೋ ಬೇಡವೋ ಅನ್ನುವುದು ಸ್ಕ್ಯಾನ್ ಆದಮೇಲಿನ ಮಾತು. ತಕ್ಷಣ 108ಕ್ಕೆ ಫೋನ್ ಮಾಡಿ, ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ.